ಗರ ಬೀಳುವುದು, ಮಳೆ ಬೀಳುವುದು: ವಿಚ್ಛಿನ್ನ, ಅವಿಚ್ಛಿನ್ನ ಯಾದೃಚ್ಛಿಕ ಚಲಕಗಳನ್ನು ಗುರುತಿಸಿ ಲೆಕ್ಕ ಹಾಕುವ ಬಗೆ

ಬಿಡಿಬಿಡಿ ಬೆಲೆ ಪಡೆಯುವ ವಿಚ್ಛಿನ್ನ ಚಲಕ ಯಾವುದು, ಎಡೆಬಿಡದೆ ನಡುವಿನ ಯಾವ ಬೆಲೆಯನ್ನಾದರೂ ಪಡೆಯುವ ಅವಿಚ್ಛಿನ್ನ ಚಲಕ ಯಾವುದು ಎಂದು ಪಿಯುಸಿ ತರಗತಿಯಲ್ಲಿ ಕೇಳಿದರೆ "ಪೂರ್ಣಾಂಕ ಬಂದರೆ ವಿಚ್ಛಿನ್ನ, ದಶಮಾಂಶ ಬಂದರೆ ಅವಿಚ್ಛಿನ್ನ" ಎಂಬ ಉತ್ತರ ಥಟ್ಟನೆ ಬರುತ್ತದೆ. ಸಣ್ಣಪುಟ್ಟ ಲೆಕ್ಕಕ್ಕೆ ಇದು ಸಾಕಾಗುತ್ತದೆ, ಆಮೇಲೆ ಕೈಕೊಡುತ್ತದೆ. ಬೂಟಿನ ಸೈಜು 6, 6.5, 7, 7.5 ಎಂದು ಹೋಗುತ್ತದೆ. ದಶಮಾಂಶ ಇದ್ದರೂ ಅದು ವಿಚ್ಛಿನ್ನವೇ. ವಯಸ್ಸನ್ನು 17, 18 ಎಂದು ಪೂರ್ಣಾಂಕದಲ್ಲಿ ಬರೆಯುತ್ತೇವೆ, ಆದರೆ ವಯಸ್ಸು ಹುಟ್ಟುಹಬ್ಬದ ದಿನ ಮಾತ್ರ ನೆಗೆಯುವುದಿಲ್ಲ, ಕ್ಷಣಕ್ಷಣಕ್ಕೂ ಹರಿಯುತ್ತಿರುತ್ತದೆ. "ಎಣಿಸಿದರೆ ವಿಚ್ಛಿನ್ನ, ಅಳೆದರೆ ಅವಿಚ್ಛಿನ್ನ" ಎಂಬುದು ಇದಕ್ಕಿಂತ ಎಷ್ಟೋ ಒಳ್ಳೆಯ ಸೂತ್ರ. ಆದರೆ ಅದೂ ಎಲ್ಲಿ ಸೋಲುತ್ತದೆ ಎಂಬುದನ್ನು ಮಳೆಯ ಲೆಕ್ಕಕ್ಕೆ ಬಂದಾಗ ನೋಡೋಣ.

ಕೇಳಬೇಕಾದ ಪ್ರಶ್ನೆ ಬೇರೆ: ಸಂಭವನೀಯತೆ ಎಲ್ಲಿ ಕೂತಿದೆ? ಒಂದು ಸೇರು ರಾಗಿ ತೆಗೆದುಕೊಳ್ಳಿ. ಕಣದಲ್ಲಿ ಗೆರೆ ಎಳೆದು, ಅದರ ಮೇಲೆ ನಾಲ್ಕೈದು ಕಡೆ ಗುಡ್ಡೆ ಹಾಕಬಹುದು. ಅಥವಾ ಒಣಗಿಸುವ ಹಾಗೆ ಗೆರೆಯುದ್ದಕ್ಕೂ ಹರಡಬಹುದು. ಎರಡರಲ್ಲೂ ರಾಗಿ ಒಂದೇ ಸೇರು, ಅಂದರೆ ಒಟ್ಟು ಸಂಭವನೀಯತೆ 1. ಗುಡ್ಡೆ ಹಾಕಿದ್ದರೆ ಪ್ರತಿ ಜಾಗದಲ್ಲೂ ಎಷ್ಟಿದೆ ಎಂದು ಅಳೆದು ಹೇಳಬಹುದು. ಪಠ್ಯಪುಸ್ತಕದ "ಸಂಭವನೀಯತಾ ರಾಶಿ ಫಲನ" ಎಂಬ ಹೆಸರಿನಲ್ಲಿರುವ ರಾಶಿ ಇದೇ. ಹರಡಿದ್ದರೆ ಸೂಜಿಮೊನೆಯಷ್ಟು ಜಾಗದಲ್ಲಿ ಎಷ್ಟು ರಾಗಿ ಎಂದು ಕೇಳುವುದಕ್ಕೆ ಅರ್ಥವಿಲ್ಲ. ಇಷ್ಟುದ್ದದಲ್ಲಿ ಎಷ್ಟು ಎಂದೇ ಕೇಳಬೇಕು. ಒಂದು ಜಾಗದಲ್ಲಿ ಎಷ್ಟು ದಟ್ಟವಾಗಿದೆ ಎಂಬುದೇ ಸಾಂದ್ರತೆ.

ಮೊದಲು ನಿಯಮ ಬರೆಯಿರಿ

ಯಾದೃಚ್ಛಿಕ ಚಲಕ ಎಂದರೆ ಪ್ರಯೋಗವಲ್ಲ, ಅದರ ಫಲಿತವೂ ಅಲ್ಲ. ಪ್ರತಿ ಫಲಿತಕ್ಕೂ ಒಂದು ಸಂಖ್ಯೆ ಕೊಡುವ ನಿಯಮ ಅದು. ಇದನ್ನು ತೋರಿಸಲು ಚೌಕಾಬಾರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ನಾಲ್ಕು ಕವಡೆ ಎಸೆಯುತ್ತೇವೆ. ಬಾಯಿ ಮೇಲಾಗಿ ಬಿದ್ದವನ್ನು ಎಣಿಸುತ್ತೇವೆ. ಒಂದಾದರೆ 1, ಎರಡಾದರೆ 2, ಮೂರಾದರೆ 3, ನಾಲ್ಕೂ ಆದರೆ ಚೌಕ, ಅಂದರೆ 4. ನಾಲ್ಕೂ ಬೋರಲು ಬಿದ್ದರೆ ಸೊನ್ನೆಯಲ್ಲ, ಬಾರ, ಅಂದರೆ 8. ಊರಿಂದೂರಿಗೆ ಎಣಿಕೆಯ ಕ್ರಮ ಬದಲಾಗುವುದುಂಟು. ಇಲ್ಲಿ ಇದನ್ನೇ ಇಟ್ಟುಕೊಳ್ಳೋಣ.

ಬಾಯಿ ಮೇಲಾದ ಕವಡೆಗಳ ಎಣಿಕೆಯನ್ನು ವೈ ಎನ್ನೋಣ. ಅದರ ಬೆಲೆಗಳು 0, 1, 2, 3, 4. ಆಟದಲ್ಲಿ ಕಾಯಿ ನಡೆಸುವ ಗರವನ್ನು ಎಕ್ಸ್ ಎನ್ನೋಣ. ಅದರ ಬೆಲೆಗಳು 1, 2, 3, 4, 8. ಎಸೆತ ಒಂದೇ, ಕವಡೆಗಳೂ ಅವೇ, ಆದರೆ ಚಲಕ ಎರಡು. ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ: ಎಕ್ಸ್ ಯಾವುದು ಎಂದು ಒಂದು ವಾಕ್ಯದಲ್ಲಿ ಬರೆಯದೆ ನೇರ ಸೂತ್ರಕ್ಕೆ ಕೈ ಹಾಕುತ್ತಾರೆ. "ಎಕ್ಸ್ = ಒಂದು ಎಸೆತದಲ್ಲಿ ಬೀಳುವ ಗರ" ಎಂದು ಮೊದಲ ಸಾಲಿನಲ್ಲೇ ಬರೆದುಬಿಡಿ. ಮಾನ ಇದ್ದರೆ ಅದನ್ನೂ ಸೇರಿಸಿ: ನಿಮಿಷವೋ ಗಂಟೆಯೋ, ಮಿಲಿಮೀಟರೋ ಇಂಚೋ. ಮಾನ ಬರೆಯದೆ ಬಿಟ್ಟರೆ ಆಗುವ ತೊಂದರೆಯನ್ನು ಸಾಂದ್ರತೆಯ ಭಾಗದಲ್ಲಿ ನೋಡಬಹುದು.

ಗುಡ್ಡೆಗಳ ಲೆಕ್ಕ

ಸದ್ಯಕ್ಕೆ ಪ್ರತಿ ಕವಡೆಯೂ ಬಾಯಿ ಮೇಲಾಗಿ ಬೀಳುವ ಸಾಧ್ಯತೆ ಅರ್ಧ ಎಂದುಕೊಳ್ಳಿ. ನಾಲ್ಕು ಕವಡೆಗೆ 2 × 2 × 2 × 2 = 16 ಫಲಿತಗಳು, ಎಲ್ಲವೂ ಸಮಸಂಭವ. ಅವುಗಳಲ್ಲಿ ಒಂದು ಮಾತ್ರ ಬಾಯಿ ಮೇಲಾಗುವವು 4, ಎರಡಾಗುವವು 6, ಮೂರಾಗುವವು 4, ನಾಲ್ಕೂ ಆಗುವುದು 1, ಒಂದೂ ಆಗದಿರುವುದು 1. ಹಾಗಾಗಿ ಗರದ ಪಟ್ಟಿ ಹೀಗೆ:

ಗರ 1: 4/16
ಗರ 2: 6/16
ಗರ 3: 4/16
ಗರ 4: 1/16
ಗರ 8: 1/16

ಪಟ್ಟಿ ಮಾಡಿದ ಕೂಡಲೇ ಎರಡು ವಿಷಯ ನೋಡಿ. ಯಾವ ಸಂಭವನೀಯತೆಯೂ ಋಣವಾಗಿರಬಾರದು, ಮತ್ತು ಒಟ್ಟು ಸರಿಯಾಗಿ 1 ಆಗಬೇಕು. 4 + 6 + 4 + 1 + 1 = 16, ಸರಿ ಇದೆ. ಭಿನ್ನರಾಶಿಗಳನ್ನು ಕೊನೆಯವರೆಗೂ ಒಂದೇ ಛೇದದಲ್ಲಿ ಇಟ್ಟುಕೊಂಡರೆ ಈ ಪರೀಕ್ಷೆ ಕಣ್ಣಳತೆಯಲ್ಲೇ ಮುಗಿಯುತ್ತದೆ. 4/16ನ್ನು 1/4 ಮಾಡಿ, 6/16ನ್ನು 3/8 ಮಾಡಿ ಚೊಕ್ಕಗೊಳಿಸುವ ಚಟ ಇಲ್ಲಿ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ.

ಸರಾಸರಿ ಬೇಕಾದರೆ ಪ್ರತಿ ಬೆಲೆಯನ್ನೂ ಅದರ ಸಂಭವನೀಯತೆಯಿಂದ ಗುಣಿಸಿ ಕೂಡಿ: (4 + 12 + 12 + 4 + 8)/16 = 40/16 = 2.5. ಎರಡೂವರೆ ಗರ ಯಾರಿಗೂ ಯಾವತ್ತೂ ಬೀಳುವುದಿಲ್ಲ. ನಿರೀಕ್ಷಿತ ಬೆಲೆ ಎಂಬ ಹೆಸರು ಇಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ಅದು ಮುಂದಿನ ಎಸೆತದಲ್ಲಿ ನಿರೀಕ್ಷಿಸಬಹುದಾದ ಗರವಲ್ಲ. ಗೆರೆಯ ಮೇಲಿನ ರಾಗಿ ಗುಡ್ಡೆಗಳನ್ನು ಒಂದು ಹಲಗೆಯ ಮೇಲಿಟ್ಟರೆ ಆ ಹಲಗೆ ಯಾವ ಬಿಂದುವಿನಲ್ಲಿ ಸಮತೂಗುತ್ತದೋ ಆ ಬಿಂದು ಅಷ್ಟೇ. ಉತ್ತರ ದಶಮಾಂಶದಲ್ಲಿ ಬಂತೆಂದು ಅದನ್ನು 3ಕ್ಕೆ ಪೂರ್ಣಗೊಳಿಸಬೇಡಿ.

ಹರಡಿಕೆಗೆ ಮೊದಲು ವರ್ಗಗಳ ಸರಾಸರಿ: (1 × 4 + 4 × 6 + 9 × 4 + 16 × 1 + 64 × 1)/16 = 144/16 = 9. ಹರಡಿಕೆಯ ಅಳತೆಯಾದ ವೇರಿಯನ್ಸ್ = 9 − 2.5² = 2.75, ಅದರ ವರ್ಗಮೂಲವಾದ ಮಾನಕ ವಿಚಲನೆ ಸುಮಾರು 1.66. ಆ 144ರಲ್ಲಿ 64 ಬಾರದ್ದು. ಹದಿನಾರರಲ್ಲಿ ಒಮ್ಮೆ ಬೀಳುವ ಗರ ವರ್ಗಗಳ ಮೊತ್ತದಲ್ಲಿ ಹತ್ತಿರಹತ್ತಿರ ಅರ್ಧ ಪಾಲು ಹೊತ್ತಿದೆ. ವೇರಿಯನ್ಸ್ ಋಣವಾಗಿ ಬಂದರೆ ಸರಾಸರಿಯ ವರ್ಗ ಕಳೆಯುವ ಬದಲು ಬೇರೇನನ್ನೋ ಕಳೆದಿದ್ದೀರಿ ಎಂದರ್ಥ, ಹಿಂದಕ್ಕೆ ಹೋಗಿ ನೋಡಿ.

ಇನ್ನು ಅರ್ಧ ಎಂಬ ಊಹೆ. ಕವಡೆಯ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ. ಎರಡೂ ಕಡೆ ಸಮನಾಗಿ ಬೀಳಲೇಬೇಕೆಂಬ ಕಟ್ಟಳೆ ಏನೂ ಇಲ್ಲ. ಕವಡೆಯ ಬದಲು ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿದ ಹುಣಸೆ ಬೀಜದಲ್ಲಿ ಆಡುವವರಿಗೂ ಇದೇ ಮಾತು. ನಿಮ್ಮ ಕವಡೆಯನ್ನು 200 ಸಲ ಎಸೆದು ಬಾಯಿ ಮೇಲಾದ ಪಾಲು ಬರೆದುಕೊಳ್ಳಿ. ಅಷ್ಟು ಎಸೆತಗಳಲ್ಲಿ ಸಿಗುವ ಪಾಲು ನಿಜವಾದದ್ದಕ್ಕಿಂತ ಸಾಮಾನ್ಯವಾಗಿ 0.07ಕ್ಕಿಂತ ಹೆಚ್ಚು ಆಚೀಚೆ ಹೋಗುವುದಿಲ್ಲ. 20 ಎಸೆತಕ್ಕೆ ನಿಲ್ಲಿಸಿದರೆ ಆ ಅಂಚು 0.22ರವರೆಗೆ ಅಗಲವಾಗುತ್ತದೆ, ಏನೂ ಹೇಳಿದಂತಾಗುವುದಿಲ್ಲ. ಪಾಲು 0.4 ಎಂದು ಬಂತು ಅನ್ನಿ. ಆಗ ಗರ 1 ಮತ್ತು 2 ತಲಾ 0.3456, ಗರ 3 ಎಂದರೆ 0.1536, ಚೌಕ 0.0256, ಬಾರ 0.1296. ಮೊದಲು ಸಮನಾಗಿದ್ದ ಚೌಕ ಮತ್ತು ಬಾರಗಳಲ್ಲಿ ಈಗ ಬಾರ ಐದು ಪಟ್ಟು ಹೆಚ್ಚು ಬೀಳುತ್ತದೆ. ಸರಾಸರಿ ಮಾತ್ರ 2.5ರಿಂದ 2.64ಕ್ಕೆ ಅಲುಗುತ್ತದೆ, ಅಷ್ಟೇ. ಸರಾಸರಿ ಹೆಚ್ಚು ಬದಲಾಗಲಿಲ್ಲ ಎಂದರೆ ಹಂಚಿಕೆಯೂ ಬದಲಾಗಿಲ್ಲ ಎಂದುಕೊಳ್ಳುವವರು ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ.

ಕೊನೆಯಿಲ್ಲದ ಪಟ್ಟಿ

ವಿಚ್ಛಿನ್ನ ಎಂದರೆ ಬೆಲೆಗಳು ಬೆರಳೆಣಿಕೆಯಷ್ಟೇ ಇರಬೇಕು ಎಂಬುದು ಇನ್ನೊಂದು ತಪ್ಪು. ಚೌಕ ಅಥವಾ ಬಾರ ಬಿದ್ದರೆ ಮತ್ತೊಮ್ಮೆ ಎಸೆಯಬಹುದು ಎಂಬ ನಿಯಮದಲ್ಲಿ ಆಡುತ್ತಿದ್ದೀರಿ ಎಂದುಕೊಳ್ಳಿ. ಒಂದು ಸರದಿಯಲ್ಲಿ ಎಷ್ಟು ಎಸೆತ ಸಿಗುತ್ತದೆ? ಒಂದು ಸಿಗಬಹುದು, ಎರಡು ಸಿಗಬಹುದು, ಹತ್ತೂ ಸಿಗಬಹುದು. ಮೇಲ್ಮಿತಿ ಇಲ್ಲ. ಆದರೂ 1, 2, 3 ಎಂದು ಸಾಲಾಗಿ ಹೆಸರಿಡುತ್ತಾ ಹೋಗಬಹುದಾದ್ದರಿಂದ ಇದು ವಿಚ್ಛಿನ್ನವೇ. ಸಮ ಕವಡೆಯಲ್ಲಿ ಮರು ಎಸೆತ ಸಿಗುವ ಸಾಧ್ಯತೆ 2/16, ಅಂದರೆ 1/8. ಒಂದೇ ಎಸೆತಕ್ಕೆ ಸರದಿ ಮುಗಿಯುವ ಸಾಧ್ಯತೆ 7/8, ಎರಡಕ್ಕೆ ಮುಗಿಯುವುದು 7/64, ಮೂರಕ್ಕೆ 7/512. ಕೊನೆಯಿಲ್ಲದ ಈ ಸಾಲನ್ನು ಕೂಡಿದರೂ 1 ಬರುತ್ತದೆ. ಎಸೆತಗಳ ಸರಾಸರಿ 8/7, ಆದ್ದರಿಂದ ಒಂದು ಸರದಿಯಲ್ಲಿ ಸಿಗುವ ಒಟ್ಟು ಗರದ ಸರಾಸರಿ 2.5 × 8/7, ಸುಮಾರು 2.86. ಸತತ ಮೂರು ಸಲ ಬಿದ್ದರೆ ಗರ ಹೋಯಿತು ಎನ್ನುವ ಮನೆಗಳಲ್ಲಿ ಈ ಲೆಕ್ಕ ಹೊಂದುವುದಿಲ್ಲ.

ಕೊನೆಯಿಲ್ಲದ ಎಣಿಕೆಗೆ ಇತಿಹಾಸದಲ್ಲಿ ಹೆಸರಾದ ಉದಾಹರಣೆ ಪ್ರಷ್ಯಾದ ಕುದುರೆ ದಳದ್ದು. ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕವನ್ನು ಸಂಖ್ಯಾಶಾಸ್ತ್ರಜ್ಞ ಬೋರ್ಟ್‌ಕೀವಿಚ್ 1898ರಲ್ಲಿ ಪ್ರಕಟಿಸಿದ. 10 ದಳ, 20 ವರ್ಷ, ಒಟ್ಟು 200 ದಾಖಲೆ. ಅವುಗಳಲ್ಲಿ ಒಂದೂ ಸಾವಿಲ್ಲದವು 109, ಒಂದು ಸಾವು 65, ಎರಡು 22, ಮೂರು 3, ನಾಲ್ಕು 1. ಸರಾಸರಿ 122/200 = 0.61. ವರ್ಗಗಳ ಸರಾಸರಿ 196/200 = 0.98, ಅದರಿಂದ 0.61² ಕಳೆದರೆ ವೇರಿಯನ್ಸ್ 0.608. ಒಂದಕ್ಕೊಂದು ಸಂಬಂಧವಿಲ್ಲದೆ ಆಗೊಮ್ಮೆ ಈಗೊಮ್ಮೆ ನಡೆಯುವ ಘಟನೆಗಳ ಎಣಿಕೆಗೆ ಬಳಸುವ ಪಾಯ್ಸಾನ್ ಹಂಚಿಕೆಯಲ್ಲಿ ಸರಾಸರಿಯೂ ವೇರಿಯನ್ಸೂ ಒಂದೇ ಆಗಿರಬೇಕು, ಇಲ್ಲಿ ಕೂದಲೆಳೆಯಷ್ಟೇ ವ್ಯತ್ಯಾಸ. ನಿಮ್ಮ ಕೈಯಲ್ಲೊಂದು ಎಣಿಕೆಯ ದತ್ತಾಂಶವಿದ್ದು ಪಾಯ್ಸಾನ್ ಬಳಸಬೇಕೆಂದಿದ್ದರೆ ಮೊದಲು ಈ ಎರಡು ಸಂಖ್ಯೆ ಹೋಲಿಸಿ. ವೇರಿಯನ್ಸ್ ಸರಾಸರಿಯ ಎರಡು ಮೂರು ಪಟ್ಟಿದ್ದರೆ ಘಟನೆಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತಿವೆ, ಪಾಯ್ಸಾನ್ ಅಲ್ಲಿ ಕೂರುವುದಿಲ್ಲ.

ಹರಡಿದ ರಾಗಿ

ಮೆಟ್ರೊ ರೈಲು ಸರಿಯಾಗಿ 10 ನಿಮಿಷಕ್ಕೊಂದು ಬರುತ್ತದೆ ಎಂದುಕೊಳ್ಳಿ. ವೇಳಾಪಟ್ಟಿ ನೋಡದೆ ಪ್ಲಾಟ್‌ಫಾರ್ಮಿಗೆ ಬಂದವರು ಕಾಯುವ ಸಮಯ 0ಯಿಂದ 10 ನಿಮಿಷದವರೆಗೆ ಎಷ್ಟಾದರೂ ಆಗಬಹುದು, ಎಲ್ಲ ಕಡೆ ಸಮ ದಟ್ಟಣೆ. ಒಂದು ಸೇರನ್ನು 10 ಮಾನದುದ್ದಕ್ಕೆ ಹರಡಿದರೆ ಸಾಂದ್ರತೆ ನಿಮಿಷಕ್ಕೆ 1/10. ಮೂರರಿಂದ ಐದು ನಿಮಿಷ ಕಾಯುವ ಸಾಧ್ಯತೆ ಎಂದರೆ ಆ ಉದ್ದದ ಮೇಲಿನ ರಾಗಿ: 2 × 1/10 = 0.2.

ಸರಿಯಾಗಿ 4 ನಿಮಿಷ ಕಾಯುವ ಸಾಧ್ಯತೆ? ಸೊನ್ನೆ. ಇಲ್ಲಿ ಬಹಳ ಜನ ಮುಗ್ಗರಿಸುತ್ತಾರೆ: ಸೊನ್ನೆ ಎಂದರೆ ಅಸಾಧ್ಯವಲ್ಲವೇ ಎಂದು. ಜಾಗ ಕುಗ್ಗಿಸುತ್ತಾ ಹೋಗಿ ನೋಡಿ. 3.5ರಿಂದ 4.5ರ ನಡುವೆ 0.1. 3.95ರಿಂದ 4.05ರ ನಡುವೆ 0.01. 3.995ರಿಂದ 4.005ರ ನಡುವೆ 0.001. ಉದ್ದ ಸೊನ್ನೆಗೆ ಹೋದಂತೆ ಅದರ ಮೇಲಿನ ರಾಗಿಯೂ ಸೊನ್ನೆಗೆ ಹೋಗುತ್ತದೆ. ಗುಡ್ಡೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ, ಎಷ್ಟು ಕುಗ್ಗಿಸಿದರೂ ಗುಡ್ಡೆ ಒಳಗೇ ಉಳಿಯುತ್ತಿತ್ತು. ಒಂದು ಚಲಕ ಯಾವ ಜಾತಿಯದು ಎಂದು ಅನುಮಾನ ಬಂದಾಗ ಮಾಡಬೇಕಾದ ಪರೀಕ್ಷೆಯೂ ಇದೇ: ಒಂದು ಬೆಲೆಯ ಸುತ್ತ ಕಿಂಡಿಯನ್ನು ಕಿರಿದು ಮಾಡುತ್ತಾ ಹೋಗಿ, ಕೊನೆಗೆ ಏನಾದರೂ ಉಳಿಯುತ್ತದೆಯೇ ನೋಡಿ. ಬಿಂದುವಿಗೆ ಸೊನ್ನೆ ಎಂದಾದ ಮೇಲೆ ಅವಿಚ್ಛಿನ್ನ ಚಲಕದಲ್ಲಿ "5ಕ್ಕಿಂತ ಕಡಿಮೆ" ಮತ್ತು "5 ಅಥವಾ ಅದಕ್ಕಿಂತ ಕಡಿಮೆ" ಎಂಬೆರಡಕ್ಕೂ ಒಂದೇ ಉತ್ತರ.

ಈಗ ಅದೇ ಸಮಯವನ್ನು ಗಂಟೆಯಲ್ಲಿ ಬರೆಯಿರಿ. ಉದ್ದ 0ಯಿಂದ 1/6 ಗಂಟೆ. ಒಂದು ಸೇರನ್ನು 1/6 ಉದ್ದಕ್ಕೆ ಹರಡಬೇಕಾದರೆ ಸಾಂದ್ರತೆ 6. ಸಂಭವನೀಯತೆ 1ಕ್ಕಿಂತ ಹೆಚ್ಚಾಗಲು ಹೇಗೆ ಸಾಧ್ಯ ಎಂದು ಗಾಬರಿಯಾಗಬೇಡಿ. 6 ಎಂಬುದು ಸಂಭವನೀಯತೆಯೇ ಅಲ್ಲ, ಗಂಟೆಗೆ ಇಷ್ಟು ಎಂಬ ದರ. ಉದ್ದದಿಂದ ಗುಣಿಸಿದ ಮೇಲಷ್ಟೇ ಸಂಭವನೀಯತೆ ಸಿಗುತ್ತದೆ. ಮಾನ ಬದಲಾದರೆ ಸಾಂದ್ರತೆ ಬದಲಾಗುತ್ತದೆ, ಸಂಭವನೀಯತೆ ಬದಲಾಗುವುದಿಲ್ಲ. ಮಾನ ಬರೆಯಿರಿ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಸಾಂದ್ರತೆ ಎಲ್ಲ ಕಡೆ ಒಂದೇ ಇರಬೇಕೆಂದಿಲ್ಲ. ಮುಕ್ಕೋನದ ಹೊಲವೊಂದಿದೆ, ಒಂದು ಮೂಲೆಯಿಂದ ಎದುರಿನ ಬದುವಿಗೆ ನೇರ ದೂರ 4 ಸರಪಳಿ. ಭೂಮಾಪನದ 33 ಅಡಿಯ ಸರಪಳಿ ಇದು, ಒಂದು ಸರಪಳಿಯ ಚೌಕ ಒಂದು ಗುಂಟೆ. ಹೊಲದ ಮೇಲೆ ಎಲ್ಲಿ ಬೇಕಾದರೂ ಬೀಳಬಹುದಾದ ಒಂದು ಮಳೆಹನಿ ಆ ಮೂಲೆಯಿಂದ ಬದುವಿನ ಕಡೆಗೆ ನೇರವಾಗಿ ಅಳೆದರೆ ಎಷ್ಟು ದೂರದಲ್ಲಿ ಬಿದ್ದಿದೆ? ಅದನ್ನು ಎಕ್ಸ್ ಎನ್ನಿ. ಮೂಲೆಯ ಹತ್ತಿರ ಹೊಲ ಕಿರಿದು, ದೂರ ಹೋದಂತೆ ಅಗಲ. ಅಗಲ ದೂರಕ್ಕೆ ಅನುಪಾತದಲ್ಲಿರುವುದರಿಂದ ಸಾಂದ್ರತೆ ಸ್ಥಿರಾಂಕ × ದೂರ. ಸ್ಥಿರಾಂಕ ಕಂಡುಹಿಡಿಯಲು ಒಟ್ಟು ವಿಸ್ತೀರ್ಣ 1 ಎಂದು ಹಾಕಿ: ಸಾಂದ್ರತೆಯ ನಕ್ಷೆ 4 ಪಾದವಿರುವ ತ್ರಿಕೋನ, ಅದರ ಎತ್ತರ 4 × ಸ್ಥಿರಾಂಕ, ವಿಸ್ತೀರ್ಣ 8 × ಸ್ಥಿರಾಂಕ. ಹಾಗಾದರೆ ಸ್ಥಿರಾಂಕ 1/8. ದೂರ 2 ಸರಪಳಿಯೊಳಗೆ ಇರುವ ಸಾಧ್ಯತೆ 2²/16 = 1/4. ಅರ್ಧ ದೂರದೊಳಗೆ ಹೊಲದ ಕಾಲು ಭಾಗ ಮಾತ್ರ ಇದೆ ಎಂಬುದು ಹೊಲ ಉಳುವವರಿಗೆ ಅನುಕಲನ ಇಲ್ಲದೆಯೂ ಗೊತ್ತು. 1ರಿಂದ 3ರ ನಡುವೆ (9 − 1)/16 = 1/2.

ಇಲ್ಲಿ ಸರಾಸರಿಗೆ ಕೂಡುವ ಬದಲು ಅನುಕಲನ. ದೂರವನ್ನು ಸಾಂದ್ರತೆಯಿಂದ ಗುಣಿಸಿ 0ಯಿಂದ 4ರವರೆಗೆ ಅನುಕಲಿಸಿದರೆ 64/24, ಅಂದರೆ 8/3 ಸರಪಳಿ. ಜ್ಯಾಮಿತಿಯಲ್ಲಿ ಓದಿದ ತ್ರಿಕೋನದ ಗುರುತ್ವಕೇಂದ್ರವೂ ಶೃಂಗದಿಂದ ಮೂರನೇ ಎರಡು ಭಾಗದಲ್ಲೇ ಇರುತ್ತದೆ. ಇದು ಕಾಕತಾಳೀಯವಲ್ಲ, ಸರಾಸರಿ ಎಂದರೆ ಸಮತೂಗುವ ಬಿಂದು ತಾನೇ. ವರ್ಗಗಳ ಸರಾಸರಿ 8, ವೇರಿಯನ್ಸ್ 8 − 64/9 = 8/9. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ 0, 1, 2, 3, 4 ಎಂದು ಐದು ಬೆಲೆಗಳ ಪಟ್ಟಿ ಮಾಡಿ ಪ್ರತಿಯೊಂದಕ್ಕೂ ಸಾಂದ್ರತೆ ಲೆಕ್ಕ ಹಾಕಿ ಕೂಡುವುದು. ಹಾಗೆ ಕೂಡಿದರೆ 10/8 ಬರುತ್ತದೆ, ಒಟ್ಟು 1 ಆಗುವುದಿಲ್ಲ. ತಪ್ಪು ಮಾಡಿದವರಿಗೆ ಅಲ್ಲಿಯೇ ಗುಟ್ಟು ಬಯಲಾಗಬೇಕು.

ಮೆಟ್ಟಿಲು ಮತ್ತು ಇಳಿಜಾರು

ಎರಡೂ ಜಾತಿಗೆ ಸಮನಾಗಿ ಒದಗುವ ಸಾಧನ ಸಂಚಿತ ಫಲನ: ಒಂದು ಬೆಲೆಯವರೆಗೆ, ಆ ಬೆಲೆಯೂ ಸೇರಿ, ಒಟ್ಟು ಎಷ್ಟು ರಾಗಿ ಇದೆ. ಗರಕ್ಕೆ ಇದು ಮೆಟ್ಟಿಲು. 1ರಲ್ಲಿ 4/16ಕ್ಕೆ ಏರುತ್ತದೆ, 2ರಲ್ಲಿ 10/16, 3ರಲ್ಲಿ 14/16, 4ರಲ್ಲಿ 15/16. ಅಲ್ಲಿಂದ 8ರವರೆಗೆ ಚಪ್ಪಟೆಯಾಗಿ ನಡೆದು 8ರಲ್ಲಿ 1 ತಲುಪುತ್ತದೆ. 5ರವರೆಗಿನ ಬೆಲೆ ಕೇಳಿದರೆ 15/16. 5 ಎಂಬ ಗರ ಇಲ್ಲ ಎಂದು ಸೊನ್ನೆ ಬರೆಯಬಾರದು. ಹೊಲದ ದೂರಕ್ಕೆ ಇದೇ ಫಲನ ದೂರದ ವರ್ಗ ಭಾಗಿಸು 16, ಎಲ್ಲೂ ನೆಗೆಯದೆ ಏರುವ ಇಳಿಜಾರು.

ಗರ 2ರಿಂದ 4ರ ನಡುವೆ, ಎರಡೂ ಸೇರಿ, ಬೀಳುವ ಸಾಧ್ಯತೆ ಎಷ್ಟು? 4ರವರೆಗಿನದರಿಂದ 2ರವರೆಗಿನದನ್ನು ಕಳೆದರೆ 5/16. ಇದು ತಪ್ಪು, ಏಕೆಂದರೆ 2ರ ಗುಡ್ಡೆಯೇ ಹೊರಟುಹೋಯಿತು. 1ರವರೆಗಿನದನ್ನು ಕಳೆಯಬೇಕು: 15/16 − 4/16 = 11/16. ವ್ಯತ್ಯಾಸ ಎರಡು ಪಟ್ಟಿಗೂ ಹೆಚ್ಚು. ಅವಿಚ್ಛಿನ್ನದಲ್ಲಿ ಅಭ್ಯಾಸವಾದ ಕೈ ವಿಚ್ಛಿನ್ನಕ್ಕೆ ಬಂದಾಗ ಮಾಡುವ ಮೊದಲ ತಪ್ಪು ಇದೇ.

ಒಂದೇ ಸಂಗತಿ ಎರಡೂ ಜಾತಿಯ ಚಲಕ ಕೊಡುವುದುಂಟು. ಟೋಲ್ ಗೇಟಿಗೆ ನಿಮಿಷಕ್ಕೆ ಸರಾಸರಿ 4 ವಾಹನ ಪಾಯ್ಸಾನ್ ಕ್ರಮದಲ್ಲಿ ಬರುತ್ತಿವೆ ಎನ್ನಿ. ಒಂದು ನಿಮಿಷದಲ್ಲಿ ಬಂದ ವಾಹನಗಳ ಎಣಿಕೆ ವಿಚ್ಛಿನ್ನ. ಒಂದರ ಹಿಂದೆ ಇನ್ನೊಂದು ಬರಲು ಹಿಡಿದ ಸಮಯ ಅವಿಚ್ಛಿನ್ನ, ಸರಾಸರಿ 15 ಸೆಕೆಂಡು. ಒಂದು ನಿಮಿಷದಲ್ಲಿ ಒಂದೂ ವಾಹನ ಬಾರದಿರುವ ಸಾಧ್ಯತೆಯೂ ಮುಂದಿನ ವಾಹನಕ್ಕೆ 60 ಸೆಕೆಂಡಿಗಿಂತ ಹೆಚ್ಚು ಕಾಯಬೇಕಾದ ಸಾಧ್ಯತೆಯೂ ಒಂದೇ, 0.0183. ಹಾಗಾಗಿ "ಟೋಲ್ ಗೇಟಿನ ಲೆಕ್ಕ ವಿಚ್ಛಿನ್ನವೋ ಅವಿಚ್ಛಿನ್ನವೋ" ಎಂಬ ಪ್ರಶ್ನೆಗೆ ಉತ್ತರವಿಲ್ಲ. ಚಲಕ ಯಾವುದೆಂದು ಹೇಳಿದ ಮೇಲೆ ಕೇಳಬೇಕು.

ಮಳೆ ಏಕೆ ತೊಡಕು

ಹವಾಮಾನ ಇಲಾಖೆ ಬೆಳಗ್ಗೆ 8.30ಕ್ಕೆ ಅಳೆದು, ಅದಕ್ಕೆ ಹಿಂದಿನ 24 ಗಂಟೆಯ ಮಳೆ ಎಂದು ಬರೆಯುತ್ತದೆ. ಮಳೆ ಅಳತೆಯ ವಸ್ತು, ಅವಿಚ್ಛಿನ್ನ ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಎರಡು ತೊಡಕುಗಳಿವೆ.

ಮೊದಲನೆಯದು ಯಂತ್ರದ್ದು. ಸ್ವಯಂಚಾಲಿತ ಮಳೆಮಾಪಕಗಳಲ್ಲಿ ಬಹಳಷ್ಟು ಮಗುಚುವ ಬೋಗುಣಿಯ ಬಗೆಯವು: ತಕ್ಕಡಿಯಂತೆ ಎರಡು ಪುಟ್ಟ ಬೋಗುಣಿ, ಒಂದು ತುಂಬಿದ ಕೂಡಲೇ ಮಗುಚಿ ಇನ್ನೊಂದು ಮೇಲೆ ಬರುತ್ತದೆ. ಒಂದು ಮಗುಚಿಗೆ 0.2 ಮಿ.ಮೀ. ಇರುವ ಯಂತ್ರದಲ್ಲಿ 12.4 ಮಿ.ಮೀ. ಎಂದರೆ 62 ಮಗುಚು. ಅಂದರೆ ಯಂತ್ರ ಅಳೆಯುತ್ತಿಲ್ಲ, ಎಣಿಸುತ್ತಿದೆ. 12.3 ಎಂಬ ದಾಖಲೆ ಅದರಲ್ಲಿ ಬರುವುದೇ ಇಲ್ಲ. (ಬಿರುಮಳೆಯಲ್ಲಿ ಬೋಗುಣಿ ಮಗುಚುವಷ್ಟು ಹೊತ್ತಿನಲ್ಲಿ ಸುರಿದ ನೀರು ಲೆಕ್ಕ ತಪ್ಪುವುದರಿಂದ ಈ ಯಂತ್ರಗಳು ಜೋರು ಮಳೆಯನ್ನು ಕಡಿಮೆ ತೋರಿಸುತ್ತವೆ. ಆ ತಿದ್ದುಪಡಿಯೇ ಬೇರೆ ಕಥೆ.)

ನೋಡಹೋದರೆ ದಾಖಲಾದ ಯಾವ ಅಳತೆಯೂ ಹೀಗೇ: ತೂಕ 10 ಗ್ರಾಮಿಗೆ, ಎತ್ತರ ಸೆಂಟಿಮೀಟರಿಗೆ, ಸಮಯ ಸೆಕೆಂಡಿಗೆ. ಎಲ್ಲ ದತ್ತಾಂಶವೂ ಮೆಟ್ಟಿಲಾದರೆ ಅವಿಚ್ಛಿನ್ನ ಎಂಬುದಕ್ಕೆ ಜಾಗವೆಲ್ಲಿ? ಮೆಟ್ಟಿಲಿನ ಎತ್ತರವನ್ನು ಹರಡಿಕೆಯೊಂದಿಗೆ ಹೋಲಿಸಿ. ಪೂರ್ಣಗೊಳಿಸುವುದರಿಂದ ವೇರಿಯನ್ಸಿಗೆ ಸೇರುವ ಹೆಚ್ಚುವರಿ ಸುಮಾರು ಮೆಟ್ಟಿಲಿನ ವರ್ಗದ ಹನ್ನೆರಡನೇ ಒಂದು ಪಾಲು. ಮಾನಕ ವಿಚಲನೆ ಮೆಟ್ಟಿಲಿನ ಐದು ಪಟ್ಟಿದ್ದರೆ ಅದು ನೂರಕ್ಕೆ 0.33 ಮಾತ್ರ, ಮರೆತುಬಿಡಬಹುದು. ಮಾನಕ ವಿಚಲನೆಯೂ ಮೆಟ್ಟಿಲೂ ಒಂದೇ ಅಳತೆಯವಾದರೆ ನೂರಕ್ಕೆ 8ರಷ್ಟು, ಮರೆಯುವಂತಿಲ್ಲ. ಮುಂಗಾರಿನ ದಿನದ ಮಳೆಗೆ 0.2ರ ಮೆಟ್ಟಿಲು ಏನೂ ಅಲ್ಲ. ಐದೈದು ನಿಮಿಷದ ತುಂತುರಿಗೆ ಅದೇ ಮೆಟ್ಟಿಲು ಬೆಟ್ಟ. ಅಲ್ಲಿ ಮಗುಚುಗಳನ್ನೇ ಎಣಿಕೆಯ ಚಲಕವಾಗಿ ತೆಗೆದುಕೊಳ್ಳುವುದು ಒಳ್ಳೆಯದು. ಹಣವೂ ಹೀಗೇ. ಪೈಸೆಯ ಲೆಕ್ಕದಲ್ಲಿ ಅದು ವಿಚ್ಛಿನ್ನ, ಆದರೆ ತಿಂಗಳ ಆದಾಯವನ್ನು ಅವಿಚ್ಛಿನ್ನವೆಂದು ಹಿಡಿದರೆ ಯಾರಿಗೂ ನಷ್ಟವಿಲ್ಲ.

ಇಲಾಖೆಯ ವರ್ಗೀಕರಣದಲ್ಲೂ ಈ ಮೆಟ್ಟಿಲು ಕಾಣುತ್ತದೆ. ಭಾರೀ ಮಳೆ 64.5ರಿಂದ 115.5 ಮಿ.ಮೀ., ಅತಿ ಭಾರೀ 115.6ರಿಂದ 204.4. ನಡುವಿನ 115.57 ಯಾವ ವರ್ಗ? ದಾಖಲೆ 0.1ಕ್ಕೆ ಪೂರ್ಣಗೊಂಡಿರುವುದರಿಂದ ಆ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಅವಿಚ್ಛಿನ್ನ ಮಾದರಿ ಬಳಸುವವರು ಗಡಿಯನ್ನು 115.55ಕ್ಕೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಒಂದು ಚೂರು ರಾಗಿ ಯಾವ ವರ್ಗಕ್ಕೂ ಸೇರದೆ ಉಳಿಯುತ್ತದೆ.

ಎರಡನೆಯ ತೊಡಕು ಇನ್ನೂ ದೊಡ್ಡದು. ಮಳೆಯೇ ಬಾರದ ದಿನಗಳು. 0 ಎಂಬ ಬಿಂದುವಿನ ಸುತ್ತ ಕಿಂಡಿಯನ್ನು ಎಷ್ಟು ಕುಗ್ಗಿಸಿದರೂ ಅಲ್ಲೊಂದು ಗುಡ್ಡೆ ಉಳಿದೇ ಉಳಿಯುತ್ತದೆ. 0ಯ ಆಚೆಗೆ ಮಾತ್ರ ರಾಗಿ ಹರಡಿದೆ. ಇದು ವಿಚ್ಛಿನ್ನವೂ ಅಲ್ಲ, ಅವಿಚ್ಛಿನ್ನವೂ ಅಲ್ಲ, ಮಿಶ್ರ. "ಅಳೆದರೆ ಅವಿಚ್ಛಿನ್ನ" ಎಂಬ ಸೂತ್ರ ಸೋಲುವುದು ಇಲ್ಲಿ. ಒಣ ದಿನದ ಸಾಧ್ಯತೆ 0.7, ಮಳೆ ಬಂದ ದಿನಗಳ ಸರಾಸರಿ 12 ಮಿ.ಮೀ. ಎಂದಿಟ್ಟುಕೊಂಡರೆ ದಿನದ ಸರಾಸರಿ 0.7 × 0 + 0.3 × 12 = 3.6 ಮಿ.ಮೀ. ಇದರ ಸಂಚಿತ ಫಲನ 0ಯಲ್ಲಿ 0.7ಕ್ಕೆ ಒಮ್ಮೆ ನೆಗೆದು, ಅಲ್ಲಿಂದ ಇಳಿಜಾರಾಗಿ ಏರುತ್ತದೆ. ಇಡೀ ದತ್ತಾಂಶಕ್ಕೆ ಗಂಟೆಯಾಕಾರದ ನಾರ್ಮಲ್ ವಕ್ರರೇಖೆ ಕೂರಿಸಿದರೆ ಅದು ಋಣ ಮಳೆಗೂ ಪಾಲು ಕೊಡುತ್ತದೆ, ಅಂಥ ವರದಿಗಳಿಗೇನೂ ಬರವಿಲ್ಲ. ಸರಿಯಾದ ದಾರಿ ಎರಡು ಹೆಜ್ಜೆಯದು: ಮೊದಲು ಮಳೆ ಬಂತೋ ಇಲ್ಲವೋ ಎಂಬ ಹೌದು–ಇಲ್ಲ ಚಲಕ, ಆಮೇಲೆ ಬಂದ ದಿನಗಳಿಗೆ ಮಾತ್ರ ಮಳೆಯ ಪ್ರಮಾಣ. 2.5 ಮಿ.ಮೀ. ಅಥವಾ ಹೆಚ್ಚು ಬಂದರೆ ಮಾತ್ರ ಇಲಾಖೆ ಅದನ್ನು ಮಳೆ ದಿನ ಎನ್ನುತ್ತದೆ. ಮೊದಲ ಹೆಜ್ಜೆಗೆ ಆ ಗಡಿ ಬಳಸಿದ್ದರೆ ಎರಡನೆಯದಕ್ಕೂ ಅದನ್ನೇ ಬಳಸಿ.

ಗುಡ್ಡೆಯ ಮೇಲೆ ವಕ್ರರೇಖೆ ಎಳೆಯುವಾಗ

ಎಕ್ಸೆಲ್‌ನ ನಾರ್ಮ್.ಡಿಸ್ಟ್, ಬೈನಾಮ್.ಡಿಸ್ಟ್ ಎರಡಕ್ಕೂ ಕೊನೆಯಲ್ಲಿ ಟ್ರೂ ಅಥವಾ ಫಾಲ್ಸ್ ಕೊಡಬೇಕು. ಟ್ರೂ ಎಂದರೆ ಎರಡರಲ್ಲೂ ಸಂಚಿತ. ಫಾಲ್ಸ್ ಕೊಟ್ಟರೆ ಬೈನಾಮ್.ಡಿಸ್ಟ್ ಗುಡ್ಡೆಯ ಗಾತ್ರ ಕೊಡುತ್ತದೆ, ಅದು ಸಂಭವನೀಯತೆ. ನಾರ್ಮ್.ಡಿಸ್ಟ್ ಕೊಡುವುದು ಸಾಂದ್ರತೆ, ಸಂಭವನೀಯತೆಯಲ್ಲ. ಮಾನಕ ವಿಚಲನೆ 0.2 ಇರುವಾಗ ಸರಾಸರಿಯಲ್ಲಿ ಅದು 1.99 ಎಂದು ತೋರಿಸುತ್ತದೆ. ಆ ಸಂಖ್ಯೆಯನ್ನು ವರದಿಯಲ್ಲಿ ಸಂಭವನೀಯತೆ ಎಂದು ಬರೆದುಬಿಡಬೇಡಿ.

ಎಣಿಕೆಯ ಚಲಕಕ್ಕೆ ನಾರ್ಮಲ್ ವಕ್ರರೇಖೆಯನ್ನು ಅಂದಾಜಿಗಾಗಿ ಬಳಸುವಾಗ ಪ್ರತಿ ಗುಡ್ಡೆಯನ್ನೂ ಅದರ ಎರಡು ಮಗ್ಗುಲಿಗೆ ಅರ್ಧರ್ಧ ಮೆಟ್ಟಿಲು ಹರಡಿದಂತೆ ಭಾವಿಸಬೇಕು. ನಾಣ್ಯವನ್ನು 100 ಸಲ ಚಿಮ್ಮಿದರೆ 60 ಅಥವಾ ಹೆಚ್ಚು ತಲೆ ಬೀಳುವ ನಿಖರ ಸಾಧ್ಯತೆ 0.0284. ಸರಾಸರಿ 50, ಮಾನಕ ವಿಚಲನೆ 5. 60ನ್ನೇ ಗಡಿಯಾಗಿಟ್ಟರೆ ವಕ್ರರೇಖೆ 0.0228 ಎನ್ನುತ್ತದೆ. 60ರ ಗುಡ್ಡೆಯ ಎಡ ಅರ್ಧ ಹೊರಗುಳಿಯಿತು. ಗಡಿಯನ್ನು 59.5ಕ್ಕೆ ತಂದರೆ 0.0287. "60ಕ್ಕಿಂತ ಹೆಚ್ಚು" ಎಂದು ಕೇಳಿದ್ದರೆ ಗಡಿ 60.5. ಬೂಟಿನ ಸೈಜಿಗೆ ಮೆಟ್ಟಿಲೇ 0.5 ಆದ್ದರಿಂದ ಸರಿಸಬೇಕಾದದ್ದು 0.25, ಎಲ್ಲದಕ್ಕೂ 0.5 ಅಲ್ಲ. ರೈಲು ಕಾಯುವ ಸಮಯಕ್ಕೆ ಸರಿಸುವ ಕೆಲಸವೇ ಇಲ್ಲ.

ಸಮ ಕವಡೆಯ 100 ಎಸೆತಗಳ ಒಟ್ಟು ಗರ 280 ಅಥವಾ ಹೆಚ್ಚಾಗುವ ಸಾಧ್ಯತೆ ನೋಡಿ. ಸರಾಸರಿ 250, ವೇರಿಯನ್ಸ್ 275, ಮಾನಕ ವಿಚಲನೆ 16.58. ಗಡಿ 280 ಇಟ್ಟರೆ 0.035, 279.5 ಇಟ್ಟರೆ 0.038. ನಾಣ್ಯದಲ್ಲಿ ಮೆಟ್ಟಿಲಿನ ಐದು ಪಟ್ಟಿದ್ದ ಮಾನಕ ವಿಚಲನೆ ಇಲ್ಲಿ ಹದಿನಾರೂವರೆ ಪಟ್ಟಿರುವುದರಿಂದ ಗಡಿ ಸರಿಸಿದ್ದಕ್ಕೆ ಅಷ್ಟೇನೂ ಫಲವಿಲ್ಲ. ನಿಜವಾದ ಬೆಲೆ ಇವೆರಡಕ್ಕಿಂತಲೂ ಹೆಚ್ಚು, 0.043ರ ಆಸುಪಾಸು. ಅಷ್ಟು ದೂರಕ್ಕೆ ಎಳೆದದ್ದು ಅಪರೂಪಕ್ಕೆ ಬಿದ್ದು ಎಂಟು ಮನೆ ನಡೆಸುವ ಬಾರ. ಅದರಿಂದ ಹಂಚಿಕೆಯ ಬಲ ಬಾಲ ಉದ್ದವಾಗಿದೆ, ನೂರು ಎಸೆತಗಳಾದರೂ ಆ ಓರೆ ಪೂರ್ತಿ ಮಾಯವಾಗಿಲ್ಲ.